ವಾಶಿಯ ಅಡುಗೆಮನೆಗೆ ಎರಡು ಚೂರಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಡೊಂಬಿವಲಿ ಪೂರ್ವದ ಹೊಟೇಲೊಂದರ ಅಡುಗೆಮನೆಯಲ್ಲಿ, ಜಯಶೀಲನು ಹುಲಗಪ್ಪನ ಬಲಗೈ ಕೊಯ್ದ.

ಜಗಳದ ಮೂಲ ಬೆಳಿಗ್ಗೆಯಿಂದಲೂ ಹಲಗೆಯ ಮೇಲೆ ಎಲ್ಲರ ಕಣ್ಣೆದುರೇ ಇತ್ತು: ಎರಡು ಹೊಸ ಚೂರಿ. ಮಾಲೀಕ ಪುಂಡರೀಕಾಕ್ಷ ಶೆಟ್ಟರು 1994ರ ಆ ದಸರೆಗೆ ವಾಶಿಯಲ್ಲಿ ಎರಡನೆಯ ಹೊಟೇಲು ತೆರೆಯುವವರಿದ್ದರು. ಅಲ್ಲಿನ ಮುಖ್ಯ ಅಡುಗೆಯವನಿಗೆ ಇರಲು ಖೋಲಿಯೂ ಸಿಗುತ್ತಿತ್ತು. ಜಯಶೀಲ ಮುಂಬಯಿ ಕಡೆಗೆ ಬಂದಾಗಿನಿಂದ ಹೊಟೇಲಿನ ಅಟ್ಟದಲ್ಲೇ ಮಲಗುವವ. ಖೋಲಿ ಸಿಕ್ಕರೆ ಮೂಡುಬಿದಿರೆಯಲ್ಲಿದ್ದ ಹೆಂಡತಿ ರಮಿತಾಳನ್ನು ಕರೆಸಿಕೊಳ್ಳಬಹುದಿತ್ತು. ರಾಯಚೂರಿನ ಹುಲಗಪ್ಪ ಹಮಾಲಿ ಬಿಟ್ಟು ಒಲೆ ಹಿಡಿದವ. ಅವನಿಗೂ ಅದೇ ಬೇಕಾಗಿತ್ತು.

ಶೆಟ್ಟರು ಇಬ್ಬರನ್ನೂ ಪೇಟೆಗೆ ಅಟ್ಟಿದ್ದರು. "ಒಂದೊಂದು ಚೂರಿ ತನ್ನಿ. ಚೂರಿ ಆರಿಸ್ಲಿಕ್ಕೆ ಬಾರದವನ ಕೈಗೆ ಅಡುಗೆಮನೆ ಕೊಟ್ಟು ನಾನು ಎಂತ ಮಾಡುದು?" ಊಟದ ಗದ್ದಲಕ್ಕೆ ಮೊದಲು ಅರ್ಧ ಚೀಲ ಈರುಳ್ಳಿ, ಆಮೇಲೆ ಇನ್ನರ್ಧ, ಕೊನೆಗೊಂದು ಹಣ್ಣು ಟೊಮೆಟೊ. ನಡುವೆ ಸಾಣೆ ಹಿಡಿಯುವಂತಿಲ್ಲ. ಯಾರ ಚೂರಿ ಕೊನೆಯವರೆಗೂ ಹರಿತ ಉಳಿಯುತ್ತದೋ ಅವನಿಗೆ ವಾಶಿ.

ಹುಲಗಪ್ಪ ತಂದದ್ದು ರಟ್ಟಿನ ಡಬ್ಬಿಯೊಳಗಿನ, ಕನ್ನಡಿಯಂತೆ ಹೊಳೆಯುವ ಸ್ಟೀಲಿನದು. ಜಯಶೀಲನದು ಕಲ್ಯಾಣದ ಕಮ್ಮಾರನೊಬ್ಬ ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಬಡಿದ ಕರಿ ಕಬ್ಬಿಣ. ಅಲಗು ಹಿಡಿಯ ತುದಿಯವರೆಗೂ ಹೋಗಿದೆಯೇ, ರಿವೆಟ್ ಬಿಗಿಯಾಗಿವೆಯೇ, ಉಗುರಿನಿಂದ ಮೀಟಿದರೆ ನಾದ ಎಳೆಯುತ್ತದೆಯೇ ಎಂದೆಲ್ಲ ನೋಡಿ, ಬೆರಳ ಮೇಲೆ ತೂಗಿಸಿ ತಂದಿದ್ದ.

"ಏನಲೇ ಜಯಶೀಲಾ, ಇದೇನ್ ಚೂರಿನೋ ಕುಡುಗೋಲೋ? ಲಿಂಬಿಹಣ್ಣು ಹೆಚ್ಚಿದ್ರ ಸಂಜಿಗೆ ತುಕ್ಕು ತಿಂದಿರ್ತೈತಿ ನೋಡು."

"ನಿನ್ನದು ಮದುಮಗನ ಹಾಗೆ ಮಿಂಚ್ತದೆ ಮಾರಾಯ. ಒಂದು ದಿನದ ಮಿಂಚು."

ಹನ್ನೆರಡರ ಹೊತ್ತಿಗೆ ಹುಲಗಪ್ಪ ಚೂರಿಯನ್ನು ಒತ್ತಿ ಒತ್ತಿ ಹೆಚ್ಚಬೇಕಾಗಿತ್ತು. ಜಯಶೀಲನದು ಮೊದಲ ಈರುಳ್ಳಿಯಷ್ಟೇ ಸಲೀಸಾಗಿ ಹೋಗುತ್ತಿತ್ತು. ಶೆಟ್ಟರು ಎರಡರ ಹೋಳುಗಳನ್ನೂ ಬೆರಳಲ್ಲಿ ಕೆದಕಿ ನೋಡಿ, ಜಯಶೀಲನ ಬೆನ್ನು ತಟ್ಟಿ ಗಲ್ಲಾಪೆಟ್ಟಿಗೆಯ ಕಡೆಗೆ ಹೋದರು.

ಆದರೆ ಜಯಶೀಲನ ಹೊಟ್ಟೆ ಬೆಳಗಿನಿಂದಲೇ ಕೈಕೊಟ್ಟಿತ್ತು. ಸಂಡಾಸಿಗೆ ಓಡಾಡಿ ಮುಖ ಬಿಳಿಚಿತ್ತು. ಊಟದ ಗದ್ದಲ ಇಳಿದ ಮೇಲೆ ಪಾತ್ರೆ ತೊಳೆಯುವ ಬಾಗಿ ಎಂಬ ಮುದುಕಿ ಒಂದು ಲೋಟ ಮಜ್ಜಿಗೆ ತಂದು ಹಿಡಿದಳು.

"ಕುಡಿ ಮಗಾ. ನಿಲ್ತದೆ."

ಮಜ್ಜಿಗೆ ಸ್ವಲ್ಪ ಸೀದ ವಾಸನೆ ಹೊಡೆಯುತ್ತಿತ್ತು. ಜಯಶೀಲ ಒಂದೇ ಗುಟುಕಿಗೆ ಕುಡಿದು ಹಲಗೆಗೆ ಹೋದ.

ನಾಲ್ಕಾರು ಈರುಳ್ಳಿ ಹೆಚ್ಚುವಷ್ಟರಲ್ಲಿ ಚೂರಿ ಸಿಪ್ಪೆಯ ಮೇಲೆ ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ಅಲಗಿನ ಅಂಚಿನ ಮೇಲೆ ಉಗುರು ಎಳೆದು ನೋಡಿದರೆ ಅದು ಒಂದು ಬದಿಗೆ ಮಡಚಿಕೊಂಡಿತ್ತು. ಟ್ಯೂಬ್‌ಲೈಟಿನ ಕೆಳಗೆ ಹಿಡಿದ. ತುದಿಯಿಂದ ಅರ್ಧ ಅಲಗಿನವರೆಗೆ ನವಿಲಿನ ಕತ್ತಿನ ನೀಲಿ. ಬೆಂಕಿ ಕಂಡ ಕಬ್ಬಿಣ, ಹದ ಹೋಗಿತ್ತು. ಊಟದ ಹೊತ್ತಿನಲ್ಲಿ ದೊಡ್ಡ ಒಲೆಯ ಮುಂದೆ ನಿಂತಿದ್ದವನು ಹುಲಗಪ್ಪ.

"ಬೆಂಕಿಗೆ ಹಿಡಿದದ್ದು ನೀನಲ್ವಾ?"

"ಏನು?"

"ನನ್ನ ಚೂರಿ! ನಾಯಿ!"

ಹುಲಗಪ್ಪ ಅಲಗು ನೋಡಿದ, ಜಯಶೀಲನ ಮುಖ ನೋಡಿದ, ನಕ್ಕುಬಿಟ್ಟ. "ಕುಣಿಯಾಕ ಬರಲಾರ್ದಾಕಿ ನೆಲ ಡೊಂಕು ಅಂದ್ಲಂತ!"

ಜಯಶೀಲ ಕೈಯಲ್ಲಿದ್ದುದನ್ನು ಬಿಸಾಡಿದ. ಹೊಳೆಯುವ ಚೂರಿ ಹಲಗೆಯ ಮೇಲಿತ್ತು, ಅದನ್ನೆತ್ತಿ ಬೀಸಿದ. ಹುಲಗಪ್ಪ ಬಲಗೈ ಅಡ್ಡ ತಂದ. ಅಲಗು ಬೆರಳುಗಳ ಬುಡದಲ್ಲಿ ಹಾದುಹೋಯಿತು. ಮೊದಲು ಬಿಳಿ ಕಂಡಿತು, ಆಮೇಲೆ ರಕ್ತ. ಹುಲಗಪ್ಪ ಎಡಗೈಯಿಂದ ಬಾಣಲೆಯೊಳಗಿನ ಝಾರಾ ಕಿತ್ತು ಮುಖಕ್ಕೆ ಬಾರಿಸಿದ. ಕಾದ ಎಣ್ಣೆಯೊಡನೆ ಕೆನ್ನೆಯ ಚರ್ಮ ಸುಲಿದು ಬಂತು. ಇಬ್ಬರೂ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಜಯಶೀಲ ಮೇಲೆ ಬಂದ. ಮೊಣಕಾಲು ಎದೆಯ ಮೇಲೆ, ಚೂರಿ ಗಂಟಲ ಮೇಲೆ.

ಮುದುಕಿ ಜಯಶೀಲನ ಕೂದಲು ಹಿಡಿದು ಹಿಂದಕ್ಕೆ ಜಗ್ಗಿದಳು.

"ಬಿಡಾ! ಅವನಲ್ಲ! ಕಾಯಿಸಿದ್ದು ನಾನು!"

"ಎಂತ?"

"ನಿನ್ನ ಹೊಟ್ಟೆಗೆ! ಕಾದ ಕಬ್ಬಿಣ ಅದ್ದದೆ ಮಜ್ಜಿಗೆ ಮದ್ದಾಗ್ತದಾ? ಇಲ್ಲಿ ಎಲ್ಲ ಸ್ಟೀಲು. ಕಬ್ಬಿಣ ಅಂತ ಇದ್ದದ್ದು ಅದೊಂದೇ. ಅದ್ದಿ, ತೊಳೆದು, ಅಲ್ಲೇ ಇಟ್ಟೆ."

ಊರಿನಲ್ಲಿ ಅವನ ತಾಯಿಯೂ ಹೊಟ್ಟೆ ಕೆಟ್ಟಾಗ ಕತ್ತಿ ಕಾಯಿಸಿ ಮಜ್ಜಿಗೆಗೆ ಚುಂಯ್ ಎನ್ನಿಸುತ್ತಿದ್ದಳು. ಆ ಸೀದ ರುಚಿ ಇನ್ನೂ ಅವನ ನಾಲಗೆಯ ಮೇಲಿತ್ತು. ಕೈ ಮಾತ್ರ ಗಂಟಲು ಬಿಟ್ಟು ಬರಲೊಲ್ಲದು.

"ಇಳಿಯಲೇ," ಎಂದ ಹುಲಗಪ್ಪ ಕೆಳಗಿನಿಂದ, ಅಲಗು ತಾಗದಂತೆ ಮೆಲ್ಲಗೆ. "ಎದಿ ಮ್ಯಾಲಿಂದ ಇಳಿ."

ಜಯಶೀಲ ಇಳಿದ.

ಶೆಟ್ಟರು ಕೈಗೆ ಮೇಜಿನ ಬಟ್ಟೆ ಸುತ್ತಿ ಹುಲಗಪ್ಪನನ್ನು ರಿಕ್ಷಾಕ್ಕೆ ಹತ್ತಿಸಿದರು. ಬಾಳೆಕಾಯಿ ಕೊಯ್ಯುವಾಗ ಜಾರಿತು ಎಂದು ಆಸ್ಪತ್ರೆಯಲ್ಲಿ ಹೇಳಬೇಕೆಂದು ದಾರಿಯುದ್ದ ಕಲಿಸಿದರು. ಹುಲಗಪ್ಪ ನಡೆದದ್ದನ್ನೇ ಹೇಳಿದ. ನಡುವಿನ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಪೊಲೀಸರು ಬಂದಾಗ ಜಯಶೀಲ ಈರುಳ್ಳಿ ಚೀಲದ ಮೇಲೆ ಕುಳಿತಿದ್ದ, ಕೆನ್ನೆಗೆ ಮುದುಕಿ ಹಚ್ಚಿದ ತೆಂಗಿನೆಣ್ಣೆ ಇಳಿಯುತ್ತಿತ್ತು.

ಆ ಸಂಜೆಯೇ ಶೆಟ್ಟರು ತಮ್ಮೂರು ಕಾರ್ಕಳಕ್ಕೆ ಎಸ್‌ಟಿಡಿ ಹಚ್ಚಿ, ವಾಶಿಗೆ ಬೇರೊಬ್ಬ ಅಡುಗೆಯವನನ್ನು ಕಳಿಸುವಂತೆ ಹೇಳಿದರು.