ಗಲ್ಲಾದ ಕೆಳಗಿನ ಕೆಂಪು ಪುಸ್ತಕ

ಬ್ಯಾಂಕಿನಿಂದ ಕಾಗದ ಬಂದ ದಿನದಿಂದ ಗುಬ್ಬಿಯ ಸೀರೆ ಅಂಗಡಿಯ ಸರ್ವಮಂಗಳಮ್ಮನವರಿಗೆ ಊಟ ರುಚಿಸುತ್ತಿಲ್ಲ. ಸೋಮವಾರ ಕಾರ್ಡ್ ಸುರಕ್ಷತೆಯ ಆಡಿಟ್ ಇದೆಯಂತೆ. ತಪ್ಪು ಕಂಡರೆ ಸ್ವೈಪ್ ಮಷಿನ್ ವಾಪಸ್. ಮದುವೆ ಕಾಲದಲ್ಲಿ ಮಷಿನ್ ಹೋದರೆ ಗಿರಾಕಿಗಳು ನೆಟ್ಟಗೆ ತುಮಕೂರಿನ ಬಸ್ಸು ಹತ್ತುತ್ತಾರೆ.

ಶನಿವಾರ ತಂಗಿಯ ಮಗಳು ಸಿಂಚನಾ ಬಂದಳು. ತುಮಕೂರಿನ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಮಷಿನ್ ತಿರುಗಿಸಿ, ಯಾರಾದರೂ ಬಿಚ್ಚಿದ್ದಾರಾ ಎಂದು ನೋಡಿದಳು. ಗಿರಾಕಿಗಳಿಗೆಲ್ಲ ಕೊಟ್ಟಿದ್ದ ವೈಫೈಯಿಂದ ಅದನ್ನು ಬೇರೆ ಮಾಡಿಸಿದಳು. ಆಮೇಲೆ ಕೇಳಿದಳು: "ದೊಡ್ಡಮ್ಮ, ಯಾರ್ದಾದ್ರೂ ಕಾರ್ಡ್ ನಂಬರ್ ಬರ್ದಿಟ್ಟಿದೀಯಾ?"

"ಹೂಂ ಕಣೇ, ನಲವತ್ತು ಮನೇದು. ಚೇಳೂರಿಂದ ಫೋನ್ ಮಾಡಿ ಸೀರೆ ಎತ್ತಿಡು ಅಂತಾರೆ. ನಂಬರ್ರು, ಕಾರ್ಡ್ ಹಿಂದಿನ ಮೂರು ಅಂಕಿ ಎಲ್ಲಾ ಗಲ್ಲಾದ ಕೆಳಗಿರೋ ಕೆಂಪು ಪುಸ್ತಕದಲ್ಲಿ ಬರ್ಕೊಂಡಿದೀನಿ. ವಯಸ್ಸಾದೋರು, ಪಿನ್ನು ಮರ್ತೋಗುತ್ತೆ, ಅದ್ನೂ ನೀನೇ ಇಟ್ಕೊ ಅಂದವ್ರೆ."

"ಪಿನ್ನೂನಾ! ಆ ಮೂರು ಅಂಕಿ, ಪಿನ್ನು ಅಂಗಡಿಯೋರು ಇಟ್ಕೊಳ್ಳೋ ಹಾಗೇ ಇಲ್ಲ. ಮೊದ್ಲು ಅದನ್ನ ಸುಡ್ಬೇಕು."

"ದೀಪಾವಳೀಲಿ ವಿಭೂತಿ ಹಚ್ಚಿ ಪೂಜೆ ಮಾಡಿರೋ ಪುಸ್ತಕ ಕಣೇ! ಸೋಮವಾರ ಒಂದಿನ ರಾಗಿ ಡಬ್ಬದಲ್ಲಿ ಮುಚ್ಚಿಟ್ರೆ ಆಯ್ತು."

"ಆಡಿಟರಿಂದ ಮುಚ್ಚಿಡ್ಬೋದು. ಕಳ್ಳನಿಂದ?"

"ನನ್ನ ಪುಸ್ತಕ ಯಾರು ಕದೀತಾರೆ, ಬುಡು" ಎನ್ನುತ್ತ ಸರ್ವಮಂಗಳಮ್ಮ ಗಲ್ಲಾದ ಕೆಳಗೆ ಕೈ ಹಾಕಿದರು. ಪುಸ್ತಕ ಇರಲಿಲ್ಲ.

ಮಡಿಸಿಟ್ಟ ಸೀರೆಗಳನ್ನೆಲ್ಲ ಕೊಡವಿ ಹುಡುಕಿದರು. ನಂಬಿ ಕೊಟ್ಟವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮಷಿನ್ ಹೋದರೆ ಹೋಗಲಿ, ಇವರಿಗೆಲ್ಲ ಯಾವ ಬಾಯಲ್ಲಿ ಹೇಳಲಿ ಎಂದು ಕೂತಲ್ಲೇ ಅತ್ತರು.

ಮುಕ್ಕಾಲು ಗಂಟೆ ಕಳೆದ ಮೇಲೆ ಗಂಡ ಗಂಗಣ್ಣ ಬಂದರು. ಕಂಕುಳಲ್ಲಿ ಕೆಂಪು ಪುಸ್ತಕ. "ಯಾರ್ದೋ ಫೋನ್ ನಂಬರ್ ಬೇಕಿತ್ತು, ತಗೊಂಡೋಗಿದ್ದೆ. ಹೋಟ್ಲು ಟೇಬಲ್ ಮೇಲೇ ಬಿಟ್ಟು ಬಸ್ ಸ್ಟ್ಯಾಂಡ್ ತಂಕ ಹೋಗ್ಬಿಟ್ಟಿದ್ದೆ ನೋಡು!" ಎಂದು ನಕ್ಕರು. ಪುಣ್ಯಾತ್ಮರಿಗೆ ನಗು ಬೇರೆ.

ಸರ್ವಮಂಗಳಮ್ಮ ನಗಲಿಲ್ಲ. ಹೆಸರು, ಫೋನ್ ನಂಬರುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿಕೊಂಡು, ಪುಸ್ತಕಕ್ಕೆ ಕೈಮುಗಿದು ನೀರೊಲೆಗೆ ಹಾಕಿದರು. ಪೂರ್ತಿ ಬೂದಿಯಾಗುವ ತನಕ ಅಲ್ಲೇ ನಿಂತರು.

"ಹೋಟ್ಲಲ್ಲಿ ಯಾರು ನೋಡಿದ್ರೋ ಗೊತ್ತಿಲ್ಲ ದೊಡ್ಡಮ್ಮ. ಬ್ಯಾಂಕಿಗೆ ಹೇಳು. ಕಾರ್ಡ್ ಬ್ಲಾಕ್ ಮಾಡ್ಸಿ ಹೊಸದು ತಗೊಳ್ಳಿ ಅಂತ ಎಲ್ರಿಗೂ ಹೇಳು" ಎಂದಳು ಸಿಂಚನಾ.

ಬ್ಯಾಂಕಿಗೆ ಹೇಳಿ, ನಲವತ್ತು ಮನೆಗೂ ಫೋನ್ ಮಾಡಿದರು. ಕೆಲವರು ಬೈದರು. ಚೇಳೂರಿನ ದೊಡ್ಡಗಂಗಮ್ಮ, "ಪುಸ್ತಕ ಸಿಕ್ತಲ್ಲ, ವಿಷ್ಯ ಬಚ್ಚಿಟ್ಟಿದ್ರೂ ನಡೀತಿತ್ತು. ಆದ್ರೂ ಹೇಳ್ದಲ್ಲ ತಾಯಿ! ಮೊಮ್ಮಗಳ ಮದ್ವೆ ಸೀರೆ ನಿನ್ನತ್ರಾನೇ" ಎಂದರು.

ಸೋಮವಾರ ಆಡಿಟರ್ ಮೊದಲು ಕೇಳಿದ್ದೇ ಕಾರ್ಡ್ ನಂಬರ್ ಬರೆದಿಟ್ಟ ಪುಸ್ತಕ ಇದೆಯಾ ಎಂದು. "ಇತ್ತು ಸ್ವಾಮಿ, ಸುಟ್ಟೆ. ಬ್ಯಾಂಕಿಗೂ ಮನೆಮನೆಗೂ ಹೇಳಿದೀನಿ" ಎಂದರು ಸರ್ವಮಂಗಳಮ್ಮ. ಮಷಿನ್ ಅಂಗಡಿಯಲ್ಲೇ ಉಳಿಯಿತು. ಈಗ ಗಿರಾಕಿ ಪಿನ್ ಒತ್ತುವಾಗ ಗಂಗಣ್ಣ ತಾವಾಗಿಯೇ ರಸ್ತೆ ಕಡೆ ಮುಖ ತಿರುಗಿಸುತ್ತಾರೆ.

ಅಂಗಡಿ ನಡೆಸುವ ಅಕ್ಕ ಅಣ್ಣಂದಿರೇ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಬೇಡಿ. ಆಡಿಟ್ ದಿನಕ್ಕೆ ಕಾಯದೆ ಇವತ್ತೇ ನಿಮ್ಮ ಗಲ್ಲಾದ ಕೆಳಗೆ ಕೈ ಹಾಕಿ ನೋಡಿ. ಅಲ್ಲಿರುವ ಪುಸ್ತಕ ನಿಮ್ಮದಿರಬಹುದು, ಅದರೊಳಗಿನ ನಂಬರ್ ಮಾತ್ರ ನಿಮ್ಮನ್ನು ನಂಬಿದವರದು.