ಪೋಷಕರ ಸಹಿಯಿದ್ದ ಪ್ರಶ್ನಾವಳಿ

ಶಶಿಕಿರಣ್ ಮೇಷ್ಟ್ರ ಸಂಶೋಧನೆಗೆ ಪೋಷಕರ ಸಭೆಯಲ್ಲಿ ಜೋರು ಚಪ್ಪಾಳೆ ಬಿದ್ದಿತ್ತು. ಎರಡು ಸಾವಿರದ ಎಂಟನೇ ಇಸವಿ. ಮೂಡಿಗೆರೆಯ ಸೈಬರ್ ಅಂಗಡಿಗಳಲ್ಲಿ ಹುಡುಗ ಹುಡುಗಿಯರು ಆರ್ಕುಟ್ ಎಂಬ ಗೆಳೆತನದ ಜಾಲತಾಣಕ್ಕೆ ಮುಗಿಬಿದ್ದಿದ್ದ ಕಾಲ. ಪಿಯುಸಿಯ ನೂರಿಪ್ಪತ್ತು ಮಕ್ಕಳಿಗೆ ಪ್ರಶ್ನಾವಳಿ ಹಂಚಿ, ಉತ್ತರಗಳನ್ನು ಅಂಕಗಳ ಪಕ್ಕ ಇಟ್ಟು ನೋಡಿ, ಆರ್ಕುಟ್ ಬಳಸುವವರಿಗೆ ಅಂಕ ಕಡಿಮೆ ಎಂದು ಅವರು ಮೈಕಿನಲ್ಲಿ ಸಾರಿದ್ದರು. ಸಾಲದ್ದಕ್ಕೆ ಬಳಸುವವರ ಹೆಸರನ್ನೂ ಓದಿಬಿಟ್ಟರು. ಓದಿದವರ ಬುದ್ಧಿಗೇಡಿತನ ಅಂದರೆ ಇದೇ. ಎಂ.ಫಿಲ್.ಗೆ ಒಳ್ಳೆಯ ವಸ್ತು ಸಿಕ್ಕಿತೆಂದು ಪ್ರಾಂಶುಪಾಲರು ಬೆನ್ನು ತಟ್ಟಿದರು.

ಮರುವಾರ ಮೇಘಶ್ರೀ ತರಗತಿಗೆ ಬರಲಿಲ್ಲ. ಕೊಟ್ಟಿಗೆಹಾರದ ಹತ್ತಿರ ಒಂದೆಕರೆ ಕಾಫಿ ಇಟ್ಟುಕೊಂಡಿದ್ದ ದ್ಯಾವಮ್ಮನ ಮಗಳು. ಟಿಸಿ ಕೇಳಲು ಆಫೀಸಿಗೆ ಬಂದವಳನ್ನು ಮೇಷ್ಟ್ರು ತಡೆದು ವಿಚಾರಿಸಿದರು.

"ಅವ್ವ ಬಿಡ್ಸಿದ್ರು ಸಾರ್. ನಾನು ನಿಜ ಬರ್ದೆ, ಅದೇ ತಪ್ಪಾಯ್ತು. ಫಾರಮ್ಮಿಗೆ ಮನೇವ್ರ ಸಹಿ ಕೇಳಿದ್ರಲ್ಲ ನೀವು? ಓದಕ್ಕೆ ಬರೋ ಅಪ್ಪ ಅಮ್ಮಂಗೆ ತೋರ್ಸೋ ಹಾಳೇಲಿ ಯಾರು ಹೌದು ಅಂತ ಬರೀತಾರೆ? ನಮ್ಮವ್ವ ಸುಮ್ನೆ ಹೆಬ್ಬೆಟ್ಟು ಒತ್ತಿದ್ರು."

ರಜಾಚೀಟಿಯಿಂದ ಪ್ರವಾಸದ ಪತ್ರದವರೆಗೆ ಎಲ್ಲಕ್ಕೂ ಪೋಷಕರ ಸಹಿ ಬೇಕೆನ್ನುವುದು ಕಾಲೇಜಿನ ರೂಢಿ. ಆ ಗುಂಗಿನಲ್ಲೇ ಮೇಷ್ಟ್ರು ಪ್ರಶ್ನಾವಳಿಯ ಅಡಿಗೂ ಸಹಿಗೊಂದು ಗೆರೆ ಎಳೆದಿದ್ದರು. ಈಗ ಫಾರಂಗಳ ಕಟ್ಟು ಬಿಚ್ಚಿ ಕೂತರು. 'ಹೌದು' ಎಂದಿದ್ದ ಮೂವತ್ತೊಂದು ಹಾಳೆಗಳ ಪೈಕಿ ಇಪ್ಪತ್ತಾರರಲ್ಲಿ ಹೆಬ್ಬೆಟ್ಟಿನ ಗುರುತು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ, ಕೊಯ್ಲಿನ ತಿಂಗಳುಗಳಲ್ಲಿ ತರಗತಿ ತಪ್ಪಿಸಿ ಕಾಫಿ ಹಣ್ಣು ಕುಯ್ಯುವ ಮಕ್ಕಳು; ಅವರ ಅಂಕ ಇಳಿದದ್ದು ಅದಕ್ಕೆ, ಆರ್ಕುಟ್‌ಗಲ್ಲ. 'ಇಲ್ಲ' ಎಂದವರ ಕಟ್ಟಿನಲ್ಲಿ, ಮೇಷ್ಟ್ರ ಮಗಳು ಸೌಜನ್ಯಳ ಹಾಳೆಯ ಮೇಲೆ, ಅವರದೇ ಸಹಿ ಇತ್ತು. ಅವಳು ತರಗತಿಗೇ ಮೊದಲಿಗಳು.

ಮನೆಗೆ ಹೋಗಿ ಕೇಳಿದಾಗ ಸೌಜನ್ಯ ತಲೆ ತಗ್ಗಿಸಿದಳು. "ನಾನೂ ಆರ್ಕುಟ್ ನೋಡ್ತೀನಿ ಅಪ್ಪಾಜಿ. ಆದ್ರೆ ಆ ಹಾಳೆ ನಿಮ್ಗೇ ತೋರಿಸ್ಬೇಕಿತ್ತಲ್ಲ."

ಮೇಷ್ಟ್ರಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ, ತಮ್ಮ ಮೇಲೆ ನಾಚಿಕೆಯಾಯಿತು.

ಭಾನುವಾರ ದ್ಯಾವಮ್ಮನ ಕಣದಲ್ಲಿ ನಿಂತು, ತಮ್ಮ ಸಂಶೋಧನೆಯೇ ತಪ್ಪು, ಹುಡುಗಿಯನ್ನು ಕಳಿಸಿ ಎಂದು ಕೇಳಿಕೊಂಡರು. ದ್ಯಾವಮ್ಮ ಒಣಹಾಕಿದ್ದ ಹಣ್ಣನ್ನು ಕಾಲಿನಿಂದ ಹರಡುತ್ತಲೇ ಇದ್ದಳು.

"ಮೈಕಲ್ಲಿ ಹೇಳಿದ್ನ ಇಲ್ಲಿ ಬಂದು ಕಿವೀಲಿ ವಾಪಸ್ ತಗೊಂಡ್ರೆ ಹೆಂಗೆ ಸಾರ್? ಬಸ್ಸಲ್ಲಿ ನನ್ ಮಗ್ಳನ್ನ ನೋಡಿ ನಗ್ತಾರೆ."

"ಮತ್ತೆ ಸಭೆ ಕರೆಸ್ತೀನಿ. ಮೈಕಲ್ಲೇ ಹೇಳ್ತೀನಿ."

"ಏನಂತ?"

"ನಿಜ ಬರೆದ ಮಕ್ಕಳ ಮಾನ ಕಳೆದೆ, ನನ್ನ ಮನೆಯ ಸುಳ್ಳಿಗೆ ನಾನೇ ಸಹಿ ಹಾಕಿದ್ದೆ ಅಂತ."

ದ್ಯಾವಮ್ಮ ಹಣ್ಣು ಹರಡುವುದನ್ನು ನಿಲ್ಲಿಸಿದಳು.

"ಮೊದ್ಲು ಹೇಳಿ. ನಾನೂ ಬಂದು ಕೇಳ್ತೀನಿ. ಆಮೇಲೆ ಕಳಿಸ್ತೀನಿ."