ಲೇಂಗಳ ಹೆಬ್ಬೆಟ್ಟು

"ಒತ್ತೇ ಮುಂಡೆ, ಹೆಬ್ಬೆಟ್ಟು! ನಿನ್ನ ಮದ್ವೆ ಮಾಡ್ಸಿದ್ದು ನಾನಾ? ಮೂರು ತಿಂಗಳಿಗೊಂದ್ಸಲ ಬಂದು ನನ್ನ ಪ್ರಾಣ ತಿಂತೀಯಲ್ಲ!"

ಗ್ರಾಮದ ಮುಖ್ಯಸ್ಥ ಸಾರೂನ್ ಕೆಂಪು ಶಾಯಿಯ ಡಬ್ಬಿಯನ್ನು ಮೇಜಿನ ಅಂಚಿಗೆ ತಳ್ಳಿದ. ಚಾನ್ನಿ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಅವಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಗಂಡ ಕೊಸಾಲ್ ಪಕ್ಕದ ಕುರ್ಚಿಯಲ್ಲಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಹೊಸ ಅಳಿಯನ ಹಾಗೆ ಕೈಕಟ್ಟಿ ಕೂತಿದ್ದ.

"ಕಾಗ್ದ ಬ್ಯಾಡ ಯಜಮಾನ್ರೇ," ಎಂದಳು ಚಾನ್ನಿ. "ಪ್ಯಾಟೇಲಿ ಹೊಡ್ತ ತಿಂದ ಹೆಂಗಸ್ರನ್ನ ಇಟ್ಕೊಳ್ಳೋ ಮನೆ ಐತಂತಲ್ಲ, ಅಲ್ಲಿಗೊಂದು ಚೀಟಿ ಬರ್ಕೊಡಿ. ಅಷ್ಟೇ ಸಾಕು."

"ಕೇಳುದ್ರಾ ಫನ್ನಾ ಮೇಡಂ? ಇವಳಿಗೆ ಇನ್ನೊಂದು ಮನೆ ಬೇಕಂತೆ. ಇರೋ ಮನೇಲಿ ಅನ್ನ ಬೇಯ್ಸಕ್ಕೆ ಬರಕ್ಕಿಲ್ಲ."

ಫನ್ನಾ ಮೇಡಂ ಎಂದರೆ ಗ್ರಾಮ ಕಚೇರಿಯಲ್ಲಿ ಹೆಂಗಸರ ಕಷ್ಟ ಕೇಳಲು ನೇಮಕವಾದವಳು, ಸಾರೂನನ ನಾದಿನಿ. ಹುಳಿಮಾವಿನ ಹೋಳನ್ನು ಮೆಣಸಿನ ಉಪ್ಪಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ ಚಪ್ಪರಿಸಿದಳು. "ಒಂದೇ ಬುಟ್ಟೀಲಿರೋ ತಟ್ಟೆಗಳು ತಾಗ್ದೆ ಇರ್ತವೇನಮ್ಮಾ? ಒಳಗಿನ ಬೆಂಕೀನ ಬೀದಿಗೆ ತರಬಾರ್ದು. ಗಂಡನಿಗೆ ಒಂದು ಲೋಟ ಟೀ ಕೊಟ್ಟು, ತಪ್ಪಾಯ್ತು ಅನ್ನು. ಮುಗೀತು."

ಟೀ ಕೊಡಿಸಿದರು. ಅವಳ ಕೈಯಿಂದಲೇ. ಕೊಸಾಲ್ ಲೋಟ ತೆಗೆದುಕೊಳ್ಳುವಾಗ ಬೆರಳಿನ ತುದಿಯಿಂದ ಅವಳ ಮಣಿಕಟ್ಟಿನ ಕಂದುಗಟ್ಟಿದ ಜಾಗವನ್ನು ಮೆಲ್ಲಗೆ ಒತ್ತಿದ. ಯಾರಿಗೂ ಕಾಣಲಿಲ್ಲ. "ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ ಯಜಮಾನ್ರೇ," ಎಂದ.

ಗುಮಾಸ್ತ ಹೇಂಗ್ ಕಾಗದ ಬಿಡಿಸಿ ಹಿಡಿದ. ಗಂಡ ಇನ್ನು ಹೊಡೆಯುವುದಿಲ್ಲ, ಹೆಂಡತಿ ಇನ್ನು ಎದುರಾಡುವುದಿಲ್ಲ ಎಂಬ ರಾಜಿಯ ಕಾಗದ. ಚಾನ್ನಿಗಿದು ಮೂರನೆಯದು. ಹೇಂಗ್ ಅವಳ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಒತ್ತಿದ. ಕಾಗದದ ಮೇಲೆ ಒಂದು ಕೆಂಪು ಮುದ್ದೆ ಮೂಡಿತು. ಗೆರೆಯೇ ಇಲ್ಲ.

"ಏನ್ಲಾ ಇದು? ಬೆರಳಾ, ಬೋಳು ಗುಂಡಾ?"

"ಉಪ್ಪಿನ ಗದ್ದೆ ಹೆಂಗಸ್ರದ್ದೆಲ್ಲ ಹಿಂಗೇ ಸಾರ್. ಬೇಸ್ಗೇಲಿ ಉಪ್ಪುನೀರು ತಿಂದುಬಿಡ್ತದೆ. ಮಳೆಗಾಲಕ್ಕೆ ಮತ್ತೆ ಬೆಳೀತದೆ."

"ಮೂತಿ ಇರೋದೇ ಜಾಸ್ತಿ, ಇನ್ನು ಬೆರಳು ಬೇರೆ," ಎಂದು ಸಾರೂನ್ ನಕ್ಕ. ಎಲ್ಲರೂ ನಕ್ಕರು.

ಹೇಂಗ್ ಎರಡನೇ ಸಲ ಒತ್ತಲು ಅವಳ ಕೈಯನ್ನು ಎಳೆದಾಗ ಚಾನ್ನಿ ಬಗ್ಗಿದಳು. ತೆರೆದಿದ್ದ ಒಂದು ಕಣ್ಣು ಕಾಗದದ ಕೆಳಗಿನ ಮೂಲೆಗೆ ಬಿತ್ತು. ಅಲ್ಲಿ ಇನ್ನೊಂದು ಹೆಬ್ಬೆಟ್ಟಿತ್ತು. ಕೆಂಪಲ್ಲ, ಬೂದಿ ಬಣ್ಣದ್ದು. ಹೊಗೆಯಲ್ಲಿ ಬರೆದ ಹಾಗೆ. ಅದರ ಗೆರೆಗಳೆಲ್ಲ ಸ್ಪಷ್ಟವಾಗಿದ್ದವು; ನಡುವೆ ಓರೆಯಾಗಿ ಒಂದು ಬಿರುಕು, ಯಾರೋ ಬೆರಳನ್ನು ಸೀಳಿ ಮತ್ತೆ ಜೋಡಿಸಿದ ಹಾಗೆ.

ಅವಳು ಕೈ ಕಿತ್ತುಕೊಂಡಳು. "ಇದ್ಯಾರ್ದು?"

"ಯಾವ್ದು? ಓ, ಅದಾ? ಝೆರಾಕ್ಸ್ ಕಲೆ ಕಣಮ್ಮ. ಪ್ರತಿ ಸಲ ಹೊಸ್ದಾಗಿ ಯಾರು ಬರೀತಾ ಕೂತ್ಕೋತಾರೆ? ಹಳೇ ಕಾಗ್ದದಲ್ಲಿ ಹೆಸ್ರಿನ ಮೇಲೆ ಬಿಳಿ ಬಣ್ಣ ಬಳ್ದು ಝೆರಾಕ್ಸ್ ತೆಗ್ದಿದ್ದೀನಿ. ಮೂಲೆಗೆ ಬಣ್ಣ ಸರ್ಯಾಗಿ ಹತ್ಲಿಲ್ಲ ಅಷ್ಟೇ."

"ಹಳೇ ಕಾಗ್ದ ಯಾರ್ದು?"

ಸಾರೂನನ ನಗು ನಿಂತಿತು. ಕೊಸಾಲ್ ಎದ್ದು ಬಂದು ಅವಳ ಮಣಿಕಟ್ಟು ಹಿಡಿದು, ಹೆಬ್ಬೆಟ್ಟನ್ನು ತಾನೇ ಕಾಗದಕ್ಕೆ ಅಮುಕಿದ. "ಆಯ್ತು ಬುಡಿ ಯಜಮಾನ್ರೇ. ನನ್ನ ಹೆಂಡ್ತಿ, ನನ್ನ ಜವಾಬ್ದಾರಿ."

ಕೈಗೆ ಒಂದು ಪ್ರತಿ ಕೊಟ್ಟರು. ಎದ್ದು ನಿಂತಾಗ ಚಾನ್ನಿ ಗೋಡೆಯನ್ನು ನೋಡಿದಳು. ಎರಡು ವರ್ಷದ ಹಿಂದೆ ಪಟ್ಟಣದಿಂದ ಇಬ್ಬರು ಹೆಂಗಸರು ಬಂದು ಅಂಟಿಸಿ ಹೋದ ಭಿತ್ತಿಪತ್ರ ಅಲ್ಲೇ ಇತ್ತು. ತಲೆಯ ಮೇಲೆ ಕೈಯಿಟ್ಟು ಕೂತ ಹೆಂಗಸಿನ ಚಿತ್ರ. ಅದರ ಕೆಳಗೆ, ಹಗಲಾಗಲಿ ರಾತ್ರಿಯಾಗಲಿ ಮಾಡಿ ಎಂದು ಅವರು ಓದಿ ಹೇಳಿದ್ದ ಫೋನ್ ನಂಬರ್. ಈಗ ಆ ನಂಬರಿನ ಮೇಲೆ ಬಿಯರ್ ಕಂಪನಿಯ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಅಲ್ಲಿ ತೂಗುಹಾಕಿದ್ದು ಜೊತೆಗೆ ಉಪ್ಪು ಹೊರುತ್ತಿದ್ದ ಲೇಂಗ್ ಸತ್ತ ವಾರ.

*

ಕೊಸಾಲ್ ಗುಮಾಸ್ತನ ಜೊತೆ ಕುಡಿಯಲು ಹೋದ. ಹೋಗುವ ಮುಂಚೆ ಮೋಟರ್ ಬೈಕಿನ ಮೇಲೆ ಕೂತೇ ಹೇಳಿದ್ದ: "ಸಂಜೆಗೆ ಬತ್ತೀನಿ. ಪೊಲೀಸು, ಆಸ್ಪತ್ರೆ, ಗುಡಿ, ಎಲ್ಲಾ ಕಡೆ ಹೋಗ್ಬಂದ್ಯಲ್ಲ, ಎಲ್ಲಾದ್ರದ್ದೂ ಲೆಕ್ಕ ಒಟ್ಟಿಗೇ ಚುಕ್ತಾ ಮಾಡಾಣ. ಕಾಗ್ದ ಭದ್ರವಾಗಿಟ್ಕೋ. ಮುಖ ಒರುಸ್ಕೊಳ್ಳಕ್ಕಾಯ್ತದೆ."

ಹೌದು, ಎಲ್ಲಾ ಕಡೆ ಹೋಗಿದ್ದಳು. ಪೊಲೀಸರು ಗ್ರಾಮ ಕಚೇರಿಯ ಚೀಟಿ ತಾ ಎಂದಿದ್ದರು. ಆಸ್ಪತ್ರೆಯ ನರ್ಸು ನೋವಿನ ಮಾತ್ರೆ ಕೊಟ್ಟು 'ಜಾರಿ ಬಿದ್ದದ್ದು' ಎಂದು ಬರೆದಿದ್ದಳು. ಗುಡಿಯ ಹಿರಿಯ ಭಿಕ್ಷು ಮಂತ್ರದ ನೀರನ್ನು ಅವಳ ಊದಿದ ಮುಖಕ್ಕೆ ಎರಚಿ, ಹಿಂದಿನ ಜನ್ಮದ ಬಾಕಿ ಎಂದಿದ್ದರು. ಸಮುದ್ರದ ನೀರನ್ನು ಈ ಗದ್ದೆಯಿಂದ ಆ ಗದ್ದೆಗೆ, ಅಲ್ಲಿಂದ ಮುಂದಿನದಕ್ಕೆ ಹಾಯಿಸುವ ಹಾಗೆ ಅವಳನ್ನು ಹಾಯಿಸಿದ್ದರು. ಕೊನೆಯ ಗದ್ದೆಗೆ ಬರುವಷ್ಟರಲ್ಲಿ ನೀರು ಇರುವುದಿಲ್ಲ.

ಉಪ್ಪಿನ ಗದ್ದೆಯಲ್ಲಿ ಮಧ್ಯಾಹ್ನದ ಹೊರೆ ಶುರುವಾಗಿತ್ತು. ಹೆಂಗಸರು ಸಾಲಾಗಿ, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡೂ ತುದಿಗೆ ಉಪ್ಪಿನ ಬುಟ್ಟಿ, ಬದುವಿನ ಮೇಲೆ ಕಿರಗುಟ್ಟುತ್ತ ಕಣಜದ ಕಡೆಗೆ ನಡೆದಿದ್ದರು. ಚಾನ್ನಿ ಮುಖಕ್ಕೆ ಚೌಕಳಿ ವಸ್ತ್ರ ಸುತ್ತಿಕೊಂಡು ಸಾಲಿನಲ್ಲಿ ತನ್ನ ಜಾಗಕ್ಕೆ ಸೇರಿದಳು. ಅವಳ ಹಿಂದೆ ಒಂದು ಆಳಿನಷ್ಟು ಜಾಗ ಖಾಲಿ. ಅದು ಲೇಂಗಳ ಜಾಗ. ಕಳೆದ ಬೇಸಿಗೆಯಿಂದ ಯಾರೂ ಅಲ್ಲಿಗೆ ಹೆಜ್ಜೆ ಇಟ್ಟಿಲ್ಲ. ಬಿಡಿ ಎಂದು ಯಾರೂ ಹೇಳಿದ್ದೂ ಇಲ್ಲ.

ಆ ಖಾಲಿ ಜಾಗದಲ್ಲಿ ಅಡ್ಡೆ ಕಿರಗುಟ್ಟುವುದು ಚಾನ್ನಿಗೆ ಕೇಳಿಸುತ್ತದೆ. ಅವಳು ಯಾರಿಗೂ ಹೇಳಿಲ್ಲ.

ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅವತ್ತು ಮಧ್ಯಾಹ್ನ, ಎಲ್ಲರೂ ಮಲಗಿದ್ದ ಹೊತ್ತು, ಲೇಂಗ್ ಅವಳ ಗುಡಿಸಲಿನ ಬಾಗಿಲಿಗೆ ಬಂದಿದ್ದಳು. ತುಟಿ ಒಡೆದಿತ್ತು. ಕೈಯಲ್ಲಿ ಬೆವರಿಗೆ ಮೆತ್ತಗಾದ ಒಂದು ಚೂರು ಕಾಗದ, ಅದರಲ್ಲಿ ಗೋಡೆಯಿಂದ ಬರೆದುಕೊಂಡು ಬಂದ ನಂಬರ್. 'ಒಂದೇ ನಿಮ್ಸ ಫೋನ್ ಕೊಡೇ,' ಎಂದು ಪಿಸುಗುಟ್ಟಿದಳು. ಫೋನು ಒಳಗೆ, ಮಲಗಿದ್ದ ಕೊಸಾಲನ ದಿಂಬಿನ ಕೆಳಗಿತ್ತು. ಚಾನ್ನಿ ಬಾಗಿಲಿನ ಸಂದಿಯಲ್ಲೇ ನಿಂತು, ಆಮೇಲೆ ಎಂದು ಕೈಸನ್ನೆ ಮಾಡಿದಳು. ಲೇಂಗ್ ಒಳಗಿಣುಕಿ, ಅರ್ಥವಾದವಳ ಹಾಗೆ ತಲೆಯಾಡಿಸಿ, ಆ ಒಡೆದ ತುಟಿಯಲ್ಲೇ ನಕ್ಕಳು. 'ಆಯ್ತು ಕಣೇ. ಸಂಜೆಗೆ ಬತ್ತೀನಿ.'

ಸಂಜೆಗೆ ಬರಲಿಲ್ಲ. ಬೆಳಿಗ್ಗೆ ಕಾಲುವೆಯಲ್ಲಿ ಸಿಕ್ಕಳು, ಕವುಚಿ ಬಿದ್ದು. ನೀರು ಕಣಕಾಲಿನಷ್ಟು. ಕಾಲು ಜಾರಿತು ಎಂದು ಸಾರೂನ್ ಬರೆಸಿದ. ಅವಳ ಗಂಡ ಗಡಿಯಾಚೆ ಕೂಲಿಗೆ ಹೋದ.

ಅವತ್ತಿನಿಂದ ದಿನಾ ಹೊತ್ತು ಇಳಿಯುವಾಗ ಗುಡಿಸಲಿನ ಬಾಗಿಲಲ್ಲಿ ಅಡ್ಡೆ ಇಳಿಸಿದ ಸದ್ದಾಗುತ್ತದೆ.

ಕಣಜದ ನೆರಳಲ್ಲಿ ಬುಟ್ಟಿ ಸುರಿದು ಚಾನ್ನಿ ಕಾಗದವನ್ನು ತೆಗೆದಳು. ಯಾನ್ ಅಜ್ಜಿಯ ಮುಂದೆ ಹಿಡಿದಳು. ಎಪ್ಪತ್ತು ದಾಟಿದರೂ ಅಡ್ಡೆ ಬಿಡದ ಮುದುಕಿ. ಲೇಂಗಳ ಹೆಣಕ್ಕೆ ಸ್ನಾನ ಮಾಡಿಸಿದವಳು ಅವಳೇ.

"ಓದಕ್ಕೆ ಬರಕ್ಕಿಲ್ಲ ಕಣವ್ವ ನಂಗೆ."

"ಓದ್ಬೇಡ. ಈ ಮೂಲೆ ನೋಡು."

ಅಜ್ಜಿ ಕಾಗದವನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಒಯ್ದಳು. ತಾಂಬೂಲ ಅಗಿಯುತ್ತಿದ್ದ ದವಡೆ ನಿಂತಿತು. "ತಾಳೆಗರಿ ಕತ್ತಿ ಜಾರಿ ಸೀಳ್ಕೊಂಡಿದ್ದಳು. ನಾನೇ ಅರಿಶಿನ ಮೆತ್ತಿ ಕಟ್ಟಿದ್ದೆ." ಅವಳ ದನಿ ಇಳಿಯಿತು. "ಇದು ನಮ್ಮ ಲೇಂಗಳ ಬೆರಳು. ಮಳೆಗಾಲ್ದಲ್ಲಿ ಒತ್ತಿರ್ಬೇಕು, ಗೆರೆ ಎಲ್ಲ ಐತೆ. ನಿನ್ನ ಕಾಗ್ದದ ಮೇಲೆ ಯಾಕೈತೆ?"

ಚಾನ್ನಿ ಹೇಳಿದಳು. ಕಾಗದದ ಮಾತು ಮುಗಿದ ಮೇಲೆ ಬಾಯಿ ನಿಲ್ಲಲಿಲ್ಲ. ಬಾಗಿಲಿನ ಸಂದಿ, ಕೈಸನ್ನೆ, ಒಡೆದ ತುಟಿಯ ನಗು, ಎಲ್ಲವೂ ಬಂತು. ಹೆಂಗಸರು ಒಬ್ಬೊಬ್ಬರೇ ಅಡ್ಡೆ ಇಳಿಸಿ ಸುತ್ತ ನಿಂತರು. ಯಾರೂ ಛೇ ಎನ್ನಲಿಲ್ಲ.

ದಪ್ಪಗಿನ ಒಬ್ಬಳು ಮೆಲ್ಲಗೆ ಹೇಳಿದಳು: "ನಂತಾವೂ ಬಂದಿದ್ದಳು ಕಣೇ ಅವತ್ತು. ನಿಂಗಿಂತ ಮುಂಚೆ. ನಾನು ಬಾಗ್ಲೇ ತೆಗೀಲಿಲ್ಲ." ಆಮೇಲೆ ಲಂಗದ ಮಡಿಕೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ನಂದೂ ಐತೆ. ಹಬ್ಬದ ಮುಂದೆ ಮಾಡ್ಸಿದ್ದು."

ಬಿಚ್ಚಿದಳು. ಮೂಲೆಯಲ್ಲಿ ಅದೇ ಬೂದಿ ಬಣ್ಣದ ಬೆರಳು, ಅದೇ ಬಿರುಕು.

ಉಳಿದವರು ಮನೆಗೆ ಓಡಿದರು. ಹುಲ್ಲುಚಾವಣಿಯಿಂದ, ಅಕ್ಕಿಡಬ್ಬದ ತಳದಿಂದ, ಬುದ್ಧನ ಪಟದ ಹಿಂದಿನಿಂದ ಕಾಗದಗಳು ಬಂದವು. ಉಪ್ಪಿನ ರಾಶಿಯ ಮೇಲೆ ಹರಡಿದರು. ಎಲ್ಲದರಲ್ಲೂ ಒಬ್ಬೊಬ್ಬ ಹೆಂಗಸಿನ ಕೆಂಪು ಮುದ್ದೆ. ಎಲ್ಲದರ ಮೂಲೆಯಲ್ಲೂ ಲೇಂಗ್.

"ನಮ್ಗೆಲ್ಲ ಸಾಕ್ಷಿ ಹಾಕವ್ಳೆ ಮುಂಡೆ," ಎಂದಳು ದಪ್ಪಗಿನವಳು, ಅಳುತ್ತ.

ಯಾನ್ ಅಜ್ಜಿ ಎಲೆಯಡಿಕೆ ಉಗುಳಿದಳು. "ಆ ನಂಬರು ಇನ್ನೂ ಗ್ವಾಡೆ ಮೇಲೆ ಐತೇನೇ?"

"ಕ್ಯಾಲೆಂಡರ್ ಕೆಳ್ಗೈತೆ. ಆದ್ರೆ ಒಳಕ್ಕೆ ಬಿಡ್ಬೇಕಲ್ಲ. ನನ್ನ ಫೋನು ಅವ್ನು ಒಡ್ದಾಕವ್ನೆ."

"ಅವ್ರೇ ಹೊರಕ್ಕೆ ಬತ್ತಾರೆ ಬುಡು. ಯಾರ ಮನೇಲಿ ಒಣಮೆಣ್ಸಿನ್ಕಾಯಿ ಐತೆ? ಉಪ್ಪಿಗಂತೂ ಬರ ಇಲ್ಲ."

ಎಲ್ಲರಿಗೂ ಅರ್ಥವಾಯಿತು. ಅನ್ಯಾಯ ಮಾಡಿದವರ ಬಾಗಿಲಲ್ಲಿ ಉಪ್ಪು ಮೆಣಸಿನಕಾಯಿ ಸುಟ್ಟು ಶಾಪ ಹಾಕುವುದು ಆ ಸೀಮೆಯಲ್ಲಿ ಹಳೆಯದು. ಸುಟ್ಟವರಿಗೂ ಒಂದು ಪಾಲು ತಟ್ಟುತ್ತದೆ ಎಂಬ ಭಯಕ್ಕೆ ಯಾರೂ ಸುಮ್ಮಸುಮ್ಮನೆ ಸುಡುವುದಿಲ್ಲ.

*

ಹೊತ್ತು ಇಳಿಯುವ ಮುಂಚೆ ಗ್ರಾಮ ಕಚೇರಿಯ ಹೊಸ್ತಿಲಲ್ಲಿ ಇದ್ದಿಲ ಒಲೆ ಕೂತಿತ್ತು. ಸಾರೂನ್ ಬಾಗಿಲಿಗೆ ಬಂದ.

"ಏನೇ ಇದು, ಬೀದಿ ನಾಯಿಗಳಾ? ಯಾರ ಹೆಣ ಸುಡಕ್ಕೆ ಬಂದಿದ್ದೀರಿ?"

"ಹೆಣ ಹೋದ ವರ್ಷವೇ ಸುಟ್ವಲ್ಲಪ್ಪ," ಎಂದಳು ಯಾನ್ ಅಜ್ಜಿ. "ನೀನೂ ಬಂದು ಊಟ ಮಾಡ್ಕೊಂಡು ಹೋದೆ. ಮರ್ತ್ಯಾ?" ಒಂದು ಬೊಗಸೆ ಮೆಣಸಿನಕಾಯಿ ಕೆಂಡಕ್ಕೆ ಸುರಿದಳು. ಅದರ ಮೇಲೆ ಒಂದು ಬೊಗಸೆ ಕಲ್ಲುಪ್ಪು.

ಉಪ್ಪು ಪಟಪಟನೆ ಸಿಡಿಯಿತು. ಹೊಗೆ ಏಳಲಿಲ್ಲ, ನುಗ್ಗಿತು. ಸಮುದ್ರದ ಗಾಳಿ ಅದನ್ನು ಬೆನ್ನು ಹಿಡಿದು ಬಾಗಿಲೊಳಗೆ ತಳ್ಳಿತು.

"ಲೇಂಗಳ ಬೆರಳಿಗೆ ಬಣ್ಣ ಬಳ್ದವ್ನು ಹಿಂಗೇ ಸಿಡೀಲಿ! ಕಾಲು ಜಾರ್ತು ಅಂದವ್ನ ನಾಲ್ಗೆ ಹಿಂಗೇ ಬೇಯ್ಲಿ! ಬೇವರ್ಸಿ ನನ್ಮಗ್ನೇ, ಕೆಮ್ಮು!"

ಅವನು ಕೆಮ್ಮಿದ. ಅವನ ಹಿಂದೆ ಫನ್ನಾ ಮೇಡಂ ಅಂಗಿಯ ತೋಳಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಕಾಣದೆ, ಗೋಡೆ ತಡವುತ್ತ ಹೊರಬಂದಳು. ಚಪ್ಪಲಿ ಒಳಗೇ ಉಳಿಯಿತು. ಫೋನೂ.

ಚಾನ್ನಿ ಚೌಕಳಿ ವಸ್ತ್ರವನ್ನು ಕೊಡದ ನೀರಿಗದ್ದಿ ಮುಖಕ್ಕೆ ಸುತ್ತಿಕೊಂಡು ಹೊಗೆಯೊಳಗೆ ನಡೆದಳು. ಊದಿದ ಕಣ್ಣಿಗೆ ಹೇಗೂ ಏನೂ ಕಾಣುತ್ತಿರಲಿಲ್ಲ. ಇನ್ನೊಂದೂ ಉರಿದು ಮುಚ್ಚಿತು. ಕೈಯಿಂದ ತಡವಿದಳು. ಮೇಜು. ಅದರ ಮೇಲೆ ಮೇಡಂ ಬಿಟ್ಟುಹೋದ ಫೋನು. ಕುರ್ಚಿ. ಗೋಡೆ. ಕ್ಯಾಲೆಂಡರಿನ ನುಣುಪು ಕಾಗದ ಸಿಕ್ಕಿತು. ಹಿಡಿದು ಎಳೆದಳು. ಮೊಳೆಯ ಸಮೇತ ಕೈಗೆ ಬಂತು.

ನಂಬರ್ ಇತ್ತು. ಬಿಸಿಲು ತಾಕದ್ದರಿಂದ ಹೊಸದರ ಹಾಗೆ ಇತ್ತು. ಪ್ರತಿ ಅಂಕಿಗೂ ಒಂದೊಂದು ಸಲ ಕಣ್ಣು ತೆರೆದು, ಮುಚ್ಚಿ, ಮೇಡಂನ ಫೋನಿನಲ್ಲಿ ಒತ್ತಿದಳು. ಅವಳ ಬೋಳು ಬೆರಳು ಒತ್ತಿದ್ದು ಎರಡು ಸಲ ಫೋನಿಗೆ ತಾಗಲಿಲ್ಲ. ಮತ್ತೆ ಒತ್ತಿದಳು.

ಆಚೆ ಕಡೆ ರಿಂಗಾಯಿತು. ಆಗುತ್ತಲೇ ಇತ್ತು.

ಹೊರಗೆ ಮೋಟರ್ ಬೈಕು ಬಂದು ನಿಂತ ಸದ್ದು. "ಎಲ್ಲವ್ಳೆ ಅವ್ಳು? ದಾರಿ ಬುಡ್ರೇ!" ಕೊಸಾಲನ ಗಂಟಲು. ಅದಕ್ಕೆ ಉತ್ತರವಾಗಿ ಮರಕ್ಕೆ ಮರ ತಾಗಿದ ಸದ್ದು. ಹೆಂಗಸರು ಅಡ್ಡೆಗಳನ್ನು ಒಂದರ ಮೇಲೊಂದು ಬಾಗಿಲಿಗೆ ಅಡ್ಡ ಹಿಡಿಯುತ್ತಿದ್ದರು. "ಬಾರೋ ಗಂಡ್ಸೇ, ಬಾ. ಕಾಲು ಜಾರೀತು, ನೋಡ್ಕೊಂಡು ಬಾ," ಎಂದಿತು ಅಜ್ಜಿಯ ದನಿ.

"ಹಲೋ," ಎಂದಿತು ಫೋನು. ಯಾರೋ ಹುಡುಗಿ. ನಿದ್ದೆಗೆಟ್ಟ ದನಿ. "ಹೇಳಿ ಅಕ್ಕಾ, ಕೇಳಿಸ್ತಿದೆ. ಯಾರು ಮಾತಾಡ್ತಿರೋದು?"

ಚಾನ್ನಿಯ ಬೆನ್ನ ಹಿಂದೆ, ಹೊಗೆಯಲ್ಲಿ, ಯಾರೋ ಹೆಗಲಿನಿಂದ ಅಡ್ಡೆ ಇಳಿಸಿದ ಸದ್ದಾಯಿತು. ಅವಳು ತಿರುಗಲಿಲ್ಲ. ಕಿಟಕಿಯಾಚೆ ಗದ್ದೆಗಳ ನೀರು ಕೆಂಪಗಾಗಿತ್ತು, ಸಂಜೆಯಾಗಿತ್ತು.

"ಲೇಂಗ್ ಅಂತ ಒಬ್ಬಳಿದ್ದಾಳೆ," ಎಂದಳು. "ಮೊದ್ಲು ಅವಳ್ದು ಬರ್ಕೊಳ್ಳಿ. ಆಮೇಲೆ ನಂದು. ಇನ್ನೂ ಬಾಳ ಜನ ಇದೀವಿ."

"ಒಂದ್ನಿಮಿಷ ಅಕ್ಕಾ, ಫೋನ್ ಇಡಬೇಡಿ. ಪೆನ್ ತಗೋತೀನಿ."

ಬಾಗಿಲಲ್ಲಿ ಒಂದು ಅಡ್ಡೆ ಮುರಿದ ಸದ್ದು. ಉಪ್ಪು ಸಿಡಿಯುತ್ತಲೇ ಇತ್ತು. ಚಾನ್ನಿ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದಳು. ಅದರೊಳಗೆ, ಎಲ್ಲೋ ದೂರದಲ್ಲಿ, ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದು ಯಾರೋ ಪೆನ್ನು ಹುಡುಕುತ್ತಿದ್ದರು.